ಬಲಗಣ್ಣಿನ ಹೂವು

ಕಳೆದ ವಾರ ಹಿಂದಿನ ಬೀದಿಯ ಹುಡುಗಿಯೊಬ್ಬಳು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತಳು. ಅವಳ ಪರಿಚಯ ನನಗೆ ಅಷ್ಟಾಗಿ ಇರಲಿಲ್ಲ.

“ಅಕ್ಕ, ಇವನ ಕಣ್ಣು ಒಸಿ ನೋಡಿ. ಡಾಕ್ಟ್ರ ಹತ್ರ ಓಗ್ಬೇಕಾ, ಇಲ್ಲಾ ಇನ್ನೆರಡು ದಿನ ಕಾಯ್ಬೋದಾ?” ಎಂದಳು.

ನಾನು ವೈದ್ಯಳಲ್ಲ. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು, ಮದುವೆಯಾದ ಮೇಲೆ ಆ ಓದು ಹಿತ್ತಲಿನ ಗಿಡಗಳನ್ನು ದಾಟಿ ಆಚೆ ಹೋಗಿಲ್ಲ. ಆದರೂ ಚನ್ನರಾಯಪಟ್ಟಣದ ನಮ್ಮ ಕೇರಿಯಲ್ಲಿ ಮಕ್ಕಳ ಕಣ್ಣು ಕೆಂಪಾದರೆ ನನ್ನನ್ನು ಕೇಳುವ ವಾಡಿಕೆ ಬೆಳೆದುಬಿಟ್ಟಿದೆ. ಒಮ್ಮೆ ನಾನು ಆ ವಿಷಯದಲ್ಲಿ ತಪ್ಪು ಮಾಡಿದ್ದೆ ಎನ್ನುವುದೇ ಅದಕ್ಕೆ ಕಾರಣವಿರಬೇಕು.

“ನನ್ನನ್ನು ಕೇಳುವಷ್ಟು ಅನುಮಾನ ನಿನಗೆ ಬಂದಿದೆಯಲ್ಲ, ಹೋಗಿ ತೋರಿಸಿಬಿಡು” ಎಂದು ಅವಳಿಗೆ ಹೇಳಿದೆ. ಅವಳು ಎದ್ದು ಹೋದ ಮೇಲೆ, ಇಷ್ಟು ಚಿಕ್ಕ ಮಾತನ್ನು ನನಗೆ ನಾನೇ ಹೇಳಿಕೊಳ್ಳಲು ಐದು ದಿನ ಹಿಡಿದಿತ್ತಲ್ಲ ಎನ್ನಿಸಿತು. ಆ ಐದು ದಿನಗಳನ್ನೂ ಅವುಗಳ ಮುಂದಿನದನ್ನೂ ಬರೆದಿಡುತ್ತಿದ್ದೇನೆ. ಮಗು ಕಣ್ಣುಜ್ಜುತ್ತ ಕೂತಿರುವಾಗ, ಹೋಗುವುದೋ ಬಿಡುವುದೋ ತಿಳಿಯದೆ ಹೊಸಿಲಲ್ಲಿ ನಿಂತ ಯಾರಾದರೂ ಇದನ್ನು ಓದಿದರೆ, ಹಾಗೆ ನಿಂತವರು ತಾವೊಬ್ಬರೇ ಅಲ್ಲ ಎಂದಾದರೂ ಗೊತ್ತಾದೀತು.

ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಮಗಳು ವಿಮಲಳಿಗೆ ಐದು ತುಂಬಲು ಇನ್ನೆರಡು ತಿಂಗಳಿತ್ತು. ಮನೆಯಲ್ಲಿ ನಾಲ್ಕೇ ಜನ: ಅತ್ತೆ, ನಮ್ಮ ಮನೆಯವರು, ನಾನು, ವಿಮಲ. ಪೇಟೆಯಲ್ಲಿ ನಮ್ಮದು ಹಿತ್ತಾಳೆ ಪಾತ್ರೆಯ ಅಂಗಡಿ. ನುಗ್ಗೇಹಳ್ಳಿಯ ಹತ್ತಿರ ಒಂದಿಷ್ಟು ರಾಗಿ ಹೊಲ. ಆ ಭಾನುವಾರ ಅತ್ತೆ ಮೊಮ್ಮಗಳನ್ನು ಕರೆದುಕೊಂಡು ಒಕ್ಕಣೆ ನೋಡಲು ಹೊಲಕ್ಕೆ ಹೋಗಿದ್ದರು. ಸಂಜೆ ಬಸ್ಸಿಳಿದಾಗ ಇಬ್ಬರ ತಲೆಯ ಮೇಲೂ ರಾಗಿಯ ಹೊಟ್ಟು. ಮಾರನೆಯ ಬೆಳಿಗ್ಗೆ ವಿಮಲಳ ರೆಪ್ಪೆಗಳು ಅಂಟಿಕೊಂಡಿದ್ದವು. ಬಿಸಿನೀರಲ್ಲಿ ಒರೆಸಿ ಬಿಡಿಸಿದರೆ ಎರಡು ಕಣ್ಣೂ ಕೆಂಪು.

ಯಾರೂ ಗಾಬರಿಯಾಗಲಿಲ್ಲ. ಆ ಮಾಘಮಾಸದಲ್ಲಿ ಊರಿಗೆಲ್ಲ ಕಣ್ಣು ಬಂದಿತ್ತು. ಎದುರು ಮನೆಯ ಮೂರು ಮಕ್ಕಳಿಗೆ, ನಮ್ಮ ಅಂಗಡಿಯ ಗುಮಾಸ್ತರಿಗೆ, ಹಿಂದಿನ ವಾರ ಸ್ವತಃ ಅತ್ತೆಗೆ. ‘ಕಣ್ಣು ಬಂದಿದೆ’ ಎನ್ನುವ ನಮ್ಮ ಮಾತಿನೊಳಗೇ ಒಂದು ಸಮಾಧಾನವಿದೆ. ಬಂದದ್ದು ನೆಂಟರ ಹಾಗೆ ನಾಲ್ಕು ದಿನ ಇದ್ದು ತಾನಾಗಿ ಹೊರಡುತ್ತದೆ ಎಂದು ಆ ಮಾತೇ ಹೇಳುತ್ತದೆ. ಅತ್ತೆಯದು ಹಾಗೆಯೇ ಹೊರಟಿತ್ತು.

ಅತ್ತೆ ಅರಿಶಿನದಲ್ಲಿ ಅದ್ದಿ ಒಣಗಿಸಿದ ಹಳೆಯ ಪಂಚೆಯ ತುಂಡನ್ನು ಮಗುವಿನ ಕೈಗೆ ಕೊಟ್ಟು, ಬೇರೆ ಬಟ್ಟೆಯಲ್ಲಿ ಒರೆಸಿಕೊಳ್ಳಬಾರದು ಎಂದರು. ನೆತ್ತಿಗೆ ಹರಳೆಣ್ಣೆ ತಟ್ಟಿದರು. ಎದುರು ಮನೆಯವರು ಒಂದು ತೊಟ್ಟು ಜೇನುತುಪ್ಪ ಬಿಡಿ ಎಂದು ಹೇಳಿ ಕಳಿಸಿದರು. ನಾವು ಜೈನರು, ಜೇನು ಮುಟ್ಟುವುದಿಲ್ಲ. “ಅದೊಂದು ನಮ್ಮನೇಲಿ ನಡೆಯಲ್ಲ ಅಂತ ಹೇಳಮ್ಮ” ಎಂದು ಅತ್ತೆ ನಕ್ಕರು. ಅವರಿಗೆ ನಂಬಿಕೆಯಿದ್ದದ್ದು ನಂದಿಬಟ್ಟಲ ಹೂವಿನಲ್ಲಿ. ಹೊತ್ತು ಮುಳುಗುವ ಮುಂಚೆ ನಮ್ಮ ಮನೆಯ ಊಟ ಮುಗಿಯುತ್ತದೆ. ಆಮೇಲೆ ಮಗುವನ್ನು ಮಲಗಿಸಿ, ಹಿತ್ತಲಿನ ಗಿಡದಿಂದ ಕಿತ್ತ ಹೂವನ್ನು ನೀರಲ್ಲಿ ನೆನೆಸಿ, ಒಂದೊಂದು ಕಣ್ಣಿನ ಮೇಲೆ ಒಂದೊಂದು ಇಟ್ಟು ಮೇಲೆ ಬಿಳಿ ಬಟ್ಟೆ ಕಟ್ಟಿ, ಬೆಳಿಗ್ಗೆ ಬಿಚ್ಚುತ್ತಿದ್ದರು. ಅರಕಲಗೂಡಿನ ನನ್ನ ತವರಿನಲ್ಲಿ ನಾನೂ ಚಿಕ್ಕಂದಿನಲ್ಲಿ ಹಾಗೆ ಕಟ್ಟಿಸಿಕೊಂಡಿದ್ದೆ. ಆ ಹೂವಿನ ಲ್ಯಾಟಿನ್ ಹೆಸರು, ಅದರ ದಳಗಳು ಯಾವ ಕಡೆಗೆ ಸುತ್ತಿಕೊಂಡಿರುತ್ತವೆ ಎಲ್ಲವೂ ನನಗೆ ಗೊತ್ತಿತ್ತು. ಕಣ್ಣಿಗೆ ಅದು ಏನು ಮಾಡುತ್ತದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ನಾನು ಸುಮ್ಮನಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಹಿಂದಿನ ಬೇಸಿಗೆಯಲ್ಲಿ ವಿಮಲಳ ಕತ್ತಿನ ಮೇಲೆ ಕೆಂಪು ಗುಳ್ಳೆಗಳೆದ್ದಾಗ ನಾನು ಯಾರ ಮಾತೂ ಕೇಳದೆ ಹಾಸನಕ್ಕೆ ಹೊರಟಿದ್ದೆ. ಡಾಕ್ಟರು ನೋಡಿ, “ಬೆವರುಸಾಲೆ ಅಮ್ಮ, ಗಂಧ ಹಚ್ಚಿ” ಎಂದು ಕಳಿಸಿದ್ದರು. ಹಾಸನದಲ್ಲಿರುವ ಅತ್ತೆಯ ತಂಗಿ, ನಮ್ಮ ಚಿಕ್ಕತ್ತೆ, ಅದನ್ನು ನೆಂಟರಿಷ್ಟರಿಗೆಲ್ಲ ಹಂಚಿದರು. ಅಲ್ಲಿಂದ ಯಾವ ಮದುವೆ ಮುಂಜಿಗೆ ಹೋದರೂ ನಾನು ‘ಬೆವರುಸಾಲೆಗೆ ಬಸ್ಸು ಹತ್ತಿದ ಬಿ.ಎಸ್ಸಿ. ಸೊಸೆ’. ನಗುವಿನ ಮಾತು ಅದು, ಕೇಡಿನದಲ್ಲ. ಆದರೆ ನನ್ನಂಥ ಮಾತು ಕಡಿಮೆಯ ಹೆಂಗಸಿಗೆ ಅಂಥ ನಗುವೂ ಬಹಳ ದಿನ ಒಳಗೆ ಉಳಿಯುತ್ತದೆ.

ಹಾಗಾಗಿ ನಾನು ಮಾತಾಡುವ ಬದಲು ಬರೆಯತೊಡಗಿದೆ. ಕಾಲೇಜಿನಿಂದ ಬಂದ ಅಭ್ಯಾಸ: ಯಾವುದನ್ನು ನೋಡಿದರೂ ನೋಟುಪುಸ್ತಕದಲ್ಲಿ ಗುರುತು ಹಾಕುವುದು. ಸೋಮವಾರ: ಎರಡು ಕಣ್ಣೂ ಕೆಂಪು, ಪಿಸುರು. ಮಂಗಳವಾರ: ಹಾಗೆಯೇ, ಬಲಗಣ್ಣನ್ನು ಹೆಚ್ಚು ಉಜ್ಜುತ್ತಾಳೆ. ಬುಧವಾರ: ಎಡಗಣ್ಣು ತಿಳಿಯಾಗಿದೆ, ಬಲಗಣ್ಣು ಇಲ್ಲ.

ಬುಧವಾರವೇ ನಮ್ಮ ಮನೆಯವರು, “ಒಂದು ಸಲ ತೋರಿಸಿಕೊಂಡು ಬಂದುಬಿಡು” ಎಂದರು. ನಮ್ಮೂರಿನ ಡಾಕ್ಟರು ಆ ವಾರ ಊರಲ್ಲಿರಲಿಲ್ಲ. ಕಾಂಪೌಂಡರು ಕಿಟಕಿಯಲ್ಲಿ ಕೂತು ಮದ್ದು ಕೊಡುತ್ತಿದ್ದರು. ಮುಂದೆ ಇಪ್ಪತ್ತು ಜನರ ಸಾಲು. ಎಲ್ಲರ ಕಣ್ಣೂ ಕೆಂಪು, ಎಲ್ಲರ ಕೈಯಲ್ಲೂ ಒಂದೊಂದು ಖಾಲಿ ಸೀಸೆ. ಬಿಸಿಲು ಜಾಸ್ತಿಯಿದೆ ಎಂದು ವಿಮಲಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.

“ಕಣ್ಣು ಬಂದಿರೋದಾ?” ಎಂದು ಕಾಂಪೌಂಡರು ಕೇಳಿದರು. ತಲೆ ಎತ್ತಲೂ ಅವರಿಗೆ ಪುರುಸೊತ್ತಿರಲಿಲ್ಲ.

ನಾನು “ಹೌದು” ಎಂದೆ.

ಅವರು ಸೀಸೆಗೆ ಹನಿಮದ್ದು ತುಂಬಿಸಿಕೊಟ್ಟರು. ಅವರ ತಪ್ಪೇನೂ ಇಲ್ಲ. ಒಂದು ಕಣ್ಣು ವಾಸಿಯಾಗಿದೆ, ಇನ್ನೊಂದು ಆಗಿಲ್ಲ ಎಂದು ನಾನು ಬೆಳಿಗ್ಗೆ ತಾನೇ ಬರೆದಿದ್ದೆ. ಕೇಳಿದವರಿಗೆ ಅದನ್ನು ಹೇಳದೆ, ಊರೆಲ್ಲ ಹೇಳುವ ಹೆಸರನ್ನು ಒಪ್ಪಿಕೊಂಡು ಬಂದೆ.

ಗುರುವಾರ ಬೆಳಿಗ್ಗೆ ಅತ್ತೆ ಕಟ್ಟು ಬಿಚ್ಚಿ, ಬಾಡಿದ ಹೂಗಳನ್ನು ತೆಗೆದು ಗಿಡದ ಬುಡಕ್ಕೆ ಹಾಕಿ ಬಂದರು. ವಿಮಲ ಹಾಸಿಗೆಯಲ್ಲೇ ಕೂತು, “ಹೂ ತೆಗಿ ಅಜ್ಜಿ” ಎಂದಳು.

“ತೆಗ್ದಿದೀನಿ ಕಣೇ, ನೋಡು, ಬಟ್ಟೆ ಇಲ್ಲಿದೆ.”

“ಇನ್ನೂ ಇದೆ. ತೆಗಿ.”

ಅತ್ತೆ ಅವಳ ರೆಪ್ಪೆಯ ಮೇಲೆ ದಳವೇನಾದರೂ ಅಂಟಿದೆಯೇ ಎಂದು ಸೆರಗಿನ ತುದಿಯಿಂದ ಒರೆಸಿದರು. ಏನೂ ಇರಲಿಲ್ಲ. “ನಿದ್ದೆಗಣ್ಣು” ಎಂದರು. ಮಧ್ಯಾಹ್ನ ಊಟಕ್ಕೆ ಕೂತಾಗ ವಿಮಲ ತಟ್ಟೆಯನ್ನು ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿದಳು. ಬಾಗಿಲ ಕಡೆಯ ಬೆಳಕು ಅವಳಿಗೆ ಬೇಡವಾಗಿತ್ತು. ನಮ್ಮ ಮನೆಯವರು, “ಏನಮ್ಮಾ, ನಮ್ಮ ಮೇಲೆ ಸಿಟ್ಟಾ?” ಎಂದರೆ, “ಅಜ್ಜಿ ಹೂ ತೆಗೀಲಿಲ್ಲ” ಎಂದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಬರೆದೆ: ಬೆಳಕಿಗೆ ಬೆನ್ನು. ಬಲಗಣ್ಣಿಂದ ನೀರು. ಹೂ ತೆಗಿ ಎನ್ನುತ್ತಾಳೆ.

ಆ ದಿನ ಸಂಜೆ ಕಿಟಕಿಯ ಹತ್ತಿರ ಅವಳ ಗಲ್ಲ ಹಿಡಿದು ನೋಡಲು ಹೋದೆ. ಅವಳು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ಅತ್ತಳು. ಅಳಿಸಿ ನೋಡುವ ಧೈರ್ಯ ನನಗಾಗಲಿಲ್ಲ. ನಾಳೆ ನೋಡೋಣ ಎಂದುಕೊಂಡೆ. ಹಾಸನಕ್ಕೆ ಹೋಗಿ ಮತ್ತೆ ಬೆವರುಸಾಲೆಯಂಥದೇ ಏನಾದರೂ ಆದರೆ ಎನ್ನುವ ಯೋಚನೆ ಬಂತು. ಮಗುವಿನ ಕಣ್ಣಿನ ಎದುರು ಅದೊಂದು ಯೋಚನೆಯೇ ಎಂದು ಓದುವವರಿಗೆ ಅನ್ನಿಸಬಹುದು. ಬಂದದ್ದು ನಿಜವಾದ್ದರಿಂದ ಬರೆದಿದ್ದೇನೆ.

ಶುಕ್ರವಾರ ಬೆಳಿಗ್ಗೆ ಮೊಸರಿನ ಕೆಂಪಮ್ಮ ಬಂದಳು. ವಾರಕ್ಕೆರಡು ಸಲ ಪಕ್ಕದ ಹಳ್ಳಿಯಿಂದ ಮೊಸರು ತರುವವಳು. ಅವಳ ಎಡಗಣ್ಣಿನ ನಡುವೆ ಬಿಳಿಯ ಚುಕ್ಕೆಯೊಂದಿತ್ತು. ಎಷ್ಟೋ ವರ್ಷದಿಂದ ನೋಡಿ ನೋಡಿ ನಮಗೆ ಅದು ಕಾಣುವುದೇ ನಿಂತುಹೋಗಿತ್ತು. ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ವಿಮಲಳನ್ನು ನೋಡಿ, “ಯಾಕವ್ವಾ, ಗ್ವಾಡೆ ಕಡೀಕೆ ಮಕ ಮಾಡ್ಕಂಡು ಕುಂತಿದ್ದೀಯ? ಮೊಸ್ರು ಉಳಿ ಬಂದದೆ ಅಂತ ಮುನ್ಸಾ?” ಎಂದಳು.

“ಅಜ್ಜಿ ಹೂ ತೆಗೀತಾ ಇಲ್ಲ” ಎಂದಳು ವಿಮಲ.

“ಕೇಳಿದೆಯಾ ಕೆಂಪಮ್ಮ” ಎಂದು ಅತ್ತೆ ನಗುತ್ತ ಬಂದರು. “ನಿನ್ನೆ ಬೆಳಿಗ್ಗೆಯೇ ತೆಗೆದೆ, ರಾತ್ರಿ ಇಡಲೂ ಇಲ್ಲ. ಇನ್ನೂ ಅದೇ ರಾಗ.”

ಕೆಂಪಮ್ಮ ನಗಲಿಲ್ಲ. ಮೊಸರಿನ ಗಡಿಗೆಯನ್ನು ಕೆಳಗಿಟ್ಟು ಮಗುವಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

“ಯಾವ ಕಣ್ಣಾಗದೆ ಕೂಸೇ, ಹೂವು?”

ವಿಮಲ ಬಲಗಣ್ಣು ತೋರಿಸಿದಳು.

“ಅದ್ನ ಮುಚ್ಕಂಡ್ರೆ?”

“ಹೋಗುತ್ತೆ.”

“ಈ ಕಣ್ಣು ಮುಚ್ಕಂಡ್ರೆ?” ಎಂದು ತನ್ನ ಅಂಗೈಯನ್ನು ಅವಳ ಎಡಗಣ್ಣಿಗೆ ಅಡ್ಡ ಹಿಡಿದಳು.

“ಬರೀ ಹೂವೇ” ಎಂದಳು ವಿಮಲ.

ಕೆಂಪಮ್ಮ ಎದ್ದು ಅತ್ತೆಯ ಕಡೆ ತಿರುಗಿದಳು. “ಅಮ್ಮಾವ್ರೇ, ನನ್ ಕಣ್ಣಾಗಿರಾದ್ಕೂ ಜನ ಹೂವು ಅಂತಾನೇ ಯೋಳಾದು. ನಾನೂ ನಮ್ಮವ್ವಂಗೆ ಇಂಗೇ ಯೋಳಿದ್ನಂತೆ, ಹೂ ಕಾಣ್ತದೆ ಅಂತ. ಕಣ್ಣು ಬಂದದೆ, ಓಯ್ತದೆ ಅಂತ ಸುಮ್ಕಾದ್ರು. ಮಗ ಸುಳ್ಳು ಯೋಳ್ತಿಲ್ಲ ಕಣ್ರವ್ವ.”

ಕಣ್ಣಿನಲ್ಲಿ ಹೂವು ಕೂರುವುದು ಎಂಬ ಮಾತು ನಮಗೆಲ್ಲ ಗೊತ್ತಿದ್ದದ್ದೇ. ಮಗುವಿನ ಬಾಯಲ್ಲಿ ಅದು ಬಂದಾಗ, ರಾತ್ರಿ ನಾವೇ ಇಟ್ಟ ಹೂವು ಕಣ್ಣಮುಂದಿದ್ದುದರಿಂದ, ಇನ್ನೊಂದು ಹೂವು ನಮಗೆ ಹೊಳೆಯಲೇ ಇಲ್ಲ. ಅವಳಾದರೋ ಬೇರೆ ಮಾತು ಗೊತ್ತಿಲ್ಲದೆ ತನಗೆ ಕಂಡದ್ದನ್ನು ಕಂಡಂತೆ ಎರಡು ದಿನದಿಂದ ಹೇಳುತ್ತಿದ್ದಳು.

ಅತ್ತೆ ಒಲೆಯ ಮೇಲಿದ್ದ ಪಾತ್ರೆಯನ್ನು ಇಳಿಸಿ, ಕೈ ಒರೆಸಿಕೊಂಡು, “ಹಾಸನದ ಬಸ್ಸು ಎಷ್ಟೊತ್ತಿಗಮ್ಮ?” ಎಂದು ನನ್ನನ್ನು ಕೇಳಿದರು.

ನಮ್ಮ ಮನೆಯವರು ಅಂಗಡಿಗೆ ಬೀಗ ಹಾಕಿ ಬಸ್ ನಿಲ್ದಾಣಕ್ಕೇ ಬಂದರು. ಬಸ್ಸಿನಲ್ಲಿ ಅತ್ತೆ ವಿಮಲಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಧೂಳು ಬೀಳದಂತೆ ದಾರಿಯುದ್ದಕ್ಕೂ ಸೆರಗನ್ನು ಅವಳ ಮುಖದ ಮೇಲೆ ಎತ್ತಿ ಹಿಡಿದಿದ್ದರು.

ಆಸ್ಪತ್ರೆಯ ಕಣ್ಣಿನ ವಿಭಾಗದ ಮುಂದೆ ಉದ್ದನೆಯ ಎರಡು ಬೆಂಚು. ನಮ್ಮ ಸರದಿ ಬರಲು ಇನ್ನೂ ಹನ್ನೊಂದು ಜನರಿದ್ದರು. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಬಿದ್ದ ಬಿಸಿಲಿಗೆ ವಿಮಲಳಿಗೆ ಕಣ್ಣು ಬಿಡಲಾಗಲಿಲ್ಲ. ಅವಳು ನನ್ನ ಭುಜಕ್ಕೆ ಮುಖ ಒತ್ತಿಕೊಂಡೇ ಇದ್ದಳು. ಪಕ್ಕದಲ್ಲಿ ಅರಕಲಗೂಡು ಕಡೆಯ ಒಬ್ಬ ಮುದುಕರು ಕೂತಿದ್ದರು. ಪೊರೆ ತೆಗೆಸಲು ಬಂದವರು.

“ಕೂಸಿಗೆ ಏನಾಗದೆ ತಾಯಿ?” ಎಂದರು.

ನಾನು ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಅತ್ತೆ, “ಗೊತ್ತಿಲ್ಲಪ್ಪ, ಅದನ್ನೇ ಕೇಳಕ್ಕೆ ಬಂದಿರೋದು” ಎಂದರು. ಆ ಐದು ದಿನಗಳಲ್ಲಿ ನಮ್ಮಲ್ಲಿ ಯಾರೇ ಆಗಲಿ ಆಡಿದ ಮೊದಲ ಸರಿಯಾದ ಮಾತು ಅದು.

“ಅಂಗಾರೆ ನೀವು ಮುಂದ್ಕೋಗಿ. ನಂದು ಎರಡು ವರ್ಸದಿಂದ ಕಾಯ್ತಾ ಅದೆ, ಇನ್ನೊಂದು ಗಳಿಗೆ ಕಾಯ್ತದೆ” ಎಂದು ಮುದುಕರು ಎದ್ದು ತಮ್ಮ ಮುಂದಿನವರಿಗೂ ಹೇಳಿದರು. “ಏ ತಮ್ಮಾ, ಮಗೀನ ಬುಡ್ಲಾ. ನೀನೇನು ಈಗ್ಲೇ ಬಸ್ಸಿಡೀಬೇಕಾ?” ಹಾಗೆ ಒಬ್ಬರಿಂದೊಬ್ಬರಿಗೆ ಮಾತು ಸರಿದು ನಾವು ಬಾಗಿಲಿಗೆ ಬಂದೆವು. ಅವರಿಗೆ ನಮಸ್ಕಾರ ಹೇಳಬೇಕೆಂದು ಹೊರಗೆ ಬಂದಾಗ ಹುಡುಕಿದೆ. ಅವರನ್ನು ಆಗಲೇ ಒಳಗೆ ಕರೆದೊಯ್ದಿದ್ದರು.

ಕಣ್ಣಿನ ಡಾಕ್ಟರು ನಡುವಯಸ್ಸಿನವರು, ಗಡಸು ದನಿ. “ಏನು?” ಎಂದರು.

“ಕಣ್ಣು ಬಂದು ಐದು ದಿನ...” ಎಂದು ಶುರು ಮಾಡಿದೆ.

“ಅದರ ಹೆಸರು ನಾನು ಹೇಳ್ತೀನಿ. ನೀವು ಏನು ನೋಡಿದಿರಿ ಅದು ಹೇಳಿ.”

ನಾನು ಚೀಲದಿಂದ ನೋಟುಪುಸ್ತಕ ತೆಗೆದು ಕೊಟ್ಟೆ. ಅವರು ನಿಂತಲ್ಲೇ ಓದಿದರು. ‘ಹೂ ತೆಗಿ’ ಎಂದು ಬರೆದಲ್ಲಿ ಬೆರಳಿಟ್ಟು, ಅದೇನೆಂದು ಕೇಳಿದರು. ಹೇಳಿದೆ.

“ಇಷ್ಟು ಚೆನ್ನಾಗಿ ನೋಡಿದ್ದೀರಿ” ಎಂದು ಪುಸ್ತಕವನ್ನು ಹಿಂದಿರುಗಿಸಿದರು. “ಯಾರಿಗೆ ಹೇಳಿದಿರಿ?”

ನಾನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಅಷ್ಟರಲ್ಲಿ ಅವರು ಒಳಕೋಣೆಯ ಬಾಗಿಲು ತೆರೆದಿದ್ದರು.

ಕತ್ತಲೆ ಕೋಣೆಯಲ್ಲಿ ವಿಮಲಳನ್ನು ನಮ್ಮ ಮನೆಯವರ ತೊಡೆಯ ಮೇಲೆ ಕೂರಿಸಿದರು. ಮೊದಲು ನೋವಾಗದ ಹಾಗೆ ಒಂದು ಹನಿ. ಆಮೇಲೆ ಅರಿಶಿನದ ಬಣ್ಣದ ಇನ್ನೊಂದು ಹನಿ. ಡಾಕ್ಟರು ದೀಪ ಹಿಡಿದು ನನ್ನನ್ನು ಕರೆದು ಭೂತಗನ್ನಡಿ ಕೊಟ್ಟರು. ಬಲಗಣ್ಣಿನ ಕಪ್ಪುಗುಡ್ಡೆಯ ಮೇಲೆ, ನಡುವಿಗಿಂತ ತುಸು ಕೆಳಗೆ, ಅರ್ಧ ಅಕ್ಕಿಕಾಳಿನಷ್ಟು ಹಸಿರು ಗೆರೆ ಹೊಳೆಯುತ್ತಿತ್ತು. ಗಾಯ ಇದ್ದಲ್ಲಿ ಮಾತ್ರ ಆ ಬಣ್ಣ ಹಿಡಿಯುತ್ತದೆಯಂತೆ. ಅವರು ಗಾಜಿನ ಕಡ್ಡಿಯಿಂದ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಮಗುಚಿದರು; ಒದ್ದೆ ಹತ್ತಿಯಿಂದ ಏನನ್ನೋ ತೆಗೆದು ನನ್ನ ಅಂಗೈಗೆ ಹಾಕಿದರು. ರಾಗಿಯ ಹೊಟ್ಟಿನ ಚೂರು. ಉಗುರಿನ ತುದಿಯಲ್ಲಿ ಎತ್ತಲೂ ಸಿಗದಷ್ಟು ಸಣ್ಣದು.

“ಊರಿಗೆ ಬಂದ ಕಣ್ಣು ಇವಳಿಗೂ ಬಂದಿತ್ತು, ಅದು ಸುಳ್ಳಲ್ಲ. ಅದರ ಹಿಂದೆ ಇದು ಅಡಗಿ ಕೂತಿತ್ತು” ಎಂದರು. “ಉಜ್ಜಿದಾಗಲೆಲ್ಲ ಗೀರಿದೆ. ಗಾಯಕ್ಕೆ ಈಗ ಕೀವು ಹಿಡಿಯೋದರಲ್ಲಿದೆ.”

“ಕಣ್ಣು...” ಎಂದರು ನಮ್ಮ ಮನೆಯವರು.

“ಉಳಿಸೋಕೆ ನೋಡೋಣ. ಗಾಯ ಮಾಯಬೇಕು, ಕಲೆ ಉಳೀಬಾರದು. ನಡು ಗುಡ್ಡೆ ಮೇಲೆ ಕಲೆ ಉಳಿದರೆ ದೃಷ್ಟಿಗೆ ಅಡ್ಡ. ಎಷ್ಟು ಉಳಿಯುತ್ತೆ ಅಂತ ಹತ್ತು ದಿನ ಕಳೆಯದೆ ನಾನು ಹೇಳಲ್ಲ. ದಿನಾ ಕರ್ಕೊಂಡು ಬನ್ನಿ. ಹೂವು ಗೀವು ಏನೂ ಇಡಬೇಡಿ.”

ಕೊನೆಯ ಮಾತಿಗೆ ಅತ್ತೆ ತಲೆ ತಗ್ಗಿಸಿದರು.

ಹತ್ತು ದಿನ ಅತ್ತೆ, ವಿಮಲ, ನಾನು ಮೂವರೂ ಹಾಸನದಲ್ಲಿ ಚಿಕ್ಕತ್ತೆಯ ಮನೆಯಲ್ಲಿದ್ದೆವು. ನಮ್ಮ ಮನೆಯವರು ಅಂಗಡಿ ಮುಚ್ಚಿಕೊಂಡು ಕೂರುವಂತಿರಲಿಲ್ಲ. ಎರಡು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮೊದಲ ದಿನ ಬಾಗಿಲಲ್ಲಿ ನಮ್ಮನ್ನು ನೋಡಿದ ಕೂಡಲೇ ಚಿಕ್ಕತ್ತೆ, “ಬಾಮ್ಮ ಬಿ.ಎಸ್ಸಿ. ಈ ಸಲ ಏನು, ಸೊಳ್ಳೆ ಕಚ್ತಾ?” ಎಂದರು.

“ಸುಮ್ನಿರೆ” ಎಂದರು ಅತ್ತೆ. “ನಿನ್ನ ನಾಲಿಗೆಗೆ ಹೆದರಿಯೇ ಅವಳು ಐದು ದಿನ ಬಾಯಿ ಮುಚ್ಕೊಂಡು ಕೂತಿದ್ದು.”

ನಾನು ಅತ್ತೆಯ ಮುಖ ನೋಡಿದೆ. ನನ್ನೊಳಗೆ ಮಾತ್ರ ಇದೆ ಎಂದುಕೊಂಡಿದ್ದುದು ಅವರಿಗೆ ಗೊತ್ತಿತ್ತು. ಆಮೇಲೆ ಚಿಕ್ಕತ್ತೆ ಮಗುವಿನ ಕಣ್ಣಿನ ಕಟ್ಟನ್ನು ಗಮನಿಸಿದರು. ಒಳಗೆ ಹೋಗಿ, ತಮ್ಮ ಕಡುನೀಲಿ ರೇಷ್ಮೆ ಸೀರೆಯೊಂದನ್ನು ತಂದು, ಕುರ್ಚಿ ಹತ್ತಿ ಮಲಗುವ ಕೋಣೆಯ ಕಿಟಕಿಗೆ ಅಡ್ಡ ಕಟ್ಟಿದರು. ಆ ಹತ್ತು ದಿನವೂ ಅದು ಅಲ್ಲೇ ಇತ್ತು. ಬೆವರುಸಾಲೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಾನೇ ಈಗ ಒಮ್ಮೊಮ್ಮೆ ಎತ್ತಿ ಅವರನ್ನು ನಗಿಸುತ್ತೇನೆ.

ದಿನಕ್ಕೆ ನಾಲ್ಕು ಸಲ ಮುಲಾಮು, ಎರಡು ಸಲ ಹನಿ. ಎರಡನೆಯ ದಿನ ಬೆಳಿಗ್ಗೆ ಕಟ್ಟು ಬಿಚ್ಚಿದಾಗ ಬಲಗಣ್ಣಿನ ಪಾಪೆ ಇಡೀ ಗುಡ್ಡೆಯನ್ನು ತುಂಬುವಷ್ಟು ಹಿಗ್ಗಿ, ಕರ್ರಗೆ ಬಾವಿಯ ಹಾಗಿತ್ತು. ಅತ್ತೆಯ ಕೈಯಲ್ಲಿದ್ದ ಬಟ್ಟಲು ಕೆಳಗೆ ಬಿತ್ತು. ಅದು ಹನಿಮದ್ದಿನ ಗುಣ, ಕಣ್ಣಿಗೆ ವಿಶ್ರಾಂತಿ ಕೊಡಲು ಹಾಗೆ ಮಾಡುತ್ತಾರೆ, ನಿಲ್ಲಿಸಿದ ಮೇಲೆ ತಾನಾಗಿ ಕುಗ್ಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು; ನನಗೆ ಹೇಳಿದ್ದರು. ನಾನು ಅತ್ತೆಗೆ ಹೇಳಿರಲಿಲ್ಲ. ಆ ದಿನದಿಂದ ಆಸ್ಪತ್ರೆಯಲ್ಲಿ ಹೇಳಿದ ಪ್ರತಿಯೊಂದು ಮಾತನ್ನೂ ಮನೆಗೆ ಬಂದು ಅವರ ಮುಂದೆ ಕೂತು ಹೇಳತೊಡಗಿದೆ. ಅವರು ಹತ್ತಿಯ ಉಂಡೆ ಕಟ್ಟುತ್ತ ಕೇಳುತ್ತಿದ್ದರು. ಮದುವೆಯಾಗಿ ಆರು ವರ್ಷದಲ್ಲಿ ನಾನು ಅವರೊಂದಿಗೆ ಅಷ್ಟು ಮಾತಾಡಿರಲಿಲ್ಲ.

ಒಂದು ಮಧ್ಯಾಹ್ನ ಅವರೇ ಕೇಳಿದರು: “ಆ ಹೂವಿಂದ ಹೆಚ್ಚಾಯ್ತಾ?”

“ಡಾಕ್ಟರು ಹಾಗೆ ಹೇಳಲಿಲ್ಲ ಅತ್ತೆ.”

“ನೀನು ಏನಂತೀಯ?”

ನನಗೆ ಗೊತ್ತಿಲ್ಲ ಎಂದೆ. ಗೊತ್ತಿದ್ದದ್ದನ್ನು ಹೇಳದೆ ಇದ್ದವಳು ನಾನು, ಅದರಿಂದ ಹೆಚ್ಚಾದದ್ದಂತೂ ನಿಜ ಎಂದೂ ಹೇಳಿದೆ. ಅತ್ತೆ, “ಕಣಕ್ಕೆ ಕರ್ಕೊಂಡು ಹೋದವಳು ನಾನು. ಹೊಟ್ಟು ತೂರೋವಾಗ ದೂರ ನಿಲ್ಲಿಸಬೇಕಿತ್ತು. ಲೆಕ್ಕ ಹಾಕ್ತಾ ಕೂತರೆ ಇಬ್ಬರಿಗೂ ಬೇಕಾದಷ್ಟಿದೆ. ಹತ್ತಿ ಕೊಡು ಇಲ್ಲಿ” ಎಂದರು.

ಆರನೆಯ ದಿನ ಡಾಕ್ಟರು ಮಗುವಿಗೆ ಪುಷ್ಟಿ ಸಾಲದು, ಮೀನೆಣ್ಣೆ ಕುಡಿಸಿ ಎಂದು ಚೀಟಿ ಬರೆದರು. ಅತ್ತೆ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, “ಬೇರೆ ಏನಾದರೂ ಇದೆಯಾ ಸ್ವಾಮಿ? ನಮ್ಮ ಮನೇಲಿ ನೀರನ್ನೂ ಸೋಸಿ ಕುಡೀತೀವಿ” ಎಂದರು. ಆ ಗಡಸು ಮನುಷ್ಯರು ಮೊದಲ ಸಲ ನಕ್ಕರು. ಚೀಟಿ ವಾಪಸು ತೆಗೆದುಕೊಂಡು ನುಗ್ಗೆಸೊಪ್ಪು, ಪರಂಗಿ ಹಣ್ಣು, ಹಾಲು ಎಂದು ಬರೆದುಕೊಟ್ಟರು. ವಿಮಲ ಇವತ್ತಿಗೂ ನುಗ್ಗೆಸೊಪ್ಪು ಕಂಡರೆ ಡಾಕ್ಟರನ್ನು ಬಯ್ಯುತ್ತಾಳೆ.

ಎಂಟನೆಯ ದಿನ ಹಸಿರು ಬಣ್ಣ ಹಿಡಿಯಲಿಲ್ಲ. ಗಾಯ ಮುಚ್ಚಿತ್ತು. ಗೆರೆ ಇದ್ದಲ್ಲಿ ಉಸಿರು ತಾಗಿದ ಕನ್ನಡಿಯ ಹಾಗೆ ತೆಳ್ಳನೆಯ ಮಬ್ಬು ಉಳಿದಿತ್ತು. ಅದರ ಹಿಂದಿನಿಂದ ಅವಳಿಗೆ ಎಷ್ಟು ಕಾಣುತ್ತದೆ ಎನ್ನುವುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಹನಿಮದ್ದಿನ ಪ್ರಭಾವ ಪೂರ್ತಿ ಇಳಿಯಲಿ ಎಂದು ಡಾಕ್ಟರು ಹತ್ತನೆಯ ದಿನ ನಮ್ಮನ್ನು ಊರಿಗೆ ಕಳಿಸಿ, ಮೂರು ವಾರ ಬಿಟ್ಟು ಬರಲು ಹೇಳಿದರು.

ಆ ಮೂರು ವಾರ ನಾನು ಅವಳ ಎಡಗಣ್ಣನ್ನು ಮುಚ್ಚಿ ಪರೀಕ್ಷೆ ಮಾಡಲಿಲ್ಲ. ಮಾಡಬೇಕೆನ್ನಿಸುತ್ತಿತ್ತು, ಕೈ ಏಳುತ್ತಿರಲಿಲ್ಲ. ಬೆಳಕಿಗೆ ಅವಳು ಮುಖ ತಿರುಗಿಸುವುದು ನಿಂತಿತ್ತು. ಊಟಕ್ಕೆ ನಮ್ಮ ಕಡೆ ಮುಖ ಮಾಡಿ ಕೂರುತ್ತಿದ್ದಳು. ಹೂವಿನ ಮಾತೆತ್ತಲಿಲ್ಲ. ಅಷ್ಟನ್ನು ದಿನವೂ ಅತ್ತೆಗೆ ಹೇಳುತ್ತಿದ್ದೆ. ಅವರಿಗೆ ಕಂಡದ್ದನ್ನು ಅವರು ನನಗೆ ಹೇಳುತ್ತಿದ್ದರು.

ಹೇಳಿದ ದಿನ ಹೋದೆವು. ಗೋಡೆಯ ಮೇಲೆ ಅಕ್ಷರದ ಹಲಗೆಯಿತ್ತು, ಆದರೆ ವಿಮಲ ಇನ್ನೂ ಅಕ್ಷರ ಕಲಿತಿರಲಿಲ್ಲ. ಡಾಕ್ಟರು ಅತ್ತೆಯನ್ನು ಹೊರಗಿನ ಮೊಗಸಾಲೆಯ ಆ ತುದಿಗೆ ಹೋಗಿ ನಿಲ್ಲಲು ಹೇಳಿದರು. “ನಾನು ಹೂಂ ಅಂದಾಗ ಕೈ ಎತ್ತಿ ಬೆರಳು ತೋರಿಸಿ. ಎಷ್ಟಾದರೂ ಸರಿ.” ಅಷ್ಟು ಜನರ ಮುಂದೆ ಹಾಗೆ ನಿಲ್ಲಲು ಅತ್ತೆಗೆ ನಾಚಿಕೆ. ಸೆರಗು ಸರಿಮಾಡಿಕೊಂಡು, ಬೆಂಚುಗಳನ್ನು ದಾಟಿ, ಕೊನೆಯ ಕಂಬದ ಹತ್ತಿರ ನಿಂತರು. ಅಲ್ಲಿಂದ ಅವರ ಮುಖ ನನಗೇ ಸರಿಯಾಗಿ ಕಾಣುತ್ತಿರಲಿಲ್ಲ.

ಡಾಕ್ಟರು ವಿಮಲಳ ಎಡಗಣ್ಣನ್ನು ರಟ್ಟಿನ ತುಂಡಿನಿಂದ ಮುಚ್ಚಿ “ಹೂಂ” ಎಂದರು. ಅತ್ತೆ ಕೈ ಎತ್ತಿದರು.

ವಿಮಲ ನೋಡಿದಳು. ತಲೆಯನ್ನು ಒಂದು ಕಡೆ ವಾಲಿಸಿ ಮತ್ತೆ ನೋಡಿದಳು. ನಾನೂ ಅತ್ತೆಯ ಬೆರಳುಗಳನ್ನು ಎಣಿಸಿದೆ.

“ಮೂರು” ಎಂದಳು.

ಮೂರೇ ಇತ್ತು. ಡಾಕ್ಟರು ರಟ್ಟನ್ನು ತೆಗೆಯಲು ಹೋದಾಗ ಅವಳು ಅದನ್ನು ತಾನೇ ಹಿಡಿದುಕೊಂಡು, ಅದೇ ಕಣ್ಣಿನಿಂದ ಇನ್ನಷ್ಟು ಹೊತ್ತು ನೋಡಿ ಹೇಳಿದಳು: “ಅಜ್ಜಿ ಕೈ ನಡುಗ್ತಾ ಇದೆ.”

ನಾನು ತಿರುಗಿ ನೋಡಿದೆ. ಎರಡು ಒಳ್ಳೆಯ ಕಣ್ಣಿದ್ದೂ ನಾನು ಬೆರಳನ್ನಷ್ಟೇ ಎಣಿಸಿದ್ದೆ.

“ಇನ್ನು ಇವಳನ್ನ ಕರ್ಕೊಂಡು ಬರಬೇಡಿ” ಎಂದರು ಡಾಕ್ಟರು. ಅತ್ತೆ ಇನ್ನೂ ಕಂಬದ ಹತ್ತಿರ ಕೈ ಎತ್ತಿಕೊಂಡೇ ನಿಂತಿದ್ದರು. ಇಳಿಸಿ ಎಂದು ಯಾರೂ ಹೇಳಿರಲಿಲ್ಲ. ವಿಮಲ ಓಡಿ ಹೋಗಿ ಆ ಕೈಯನ್ನು ಹಿಡಿದು ಕೆಳಗೆ ಎಳೆದಳು.